ಡಾರ್ಕ್‌ರೂಂ ಬಾಗಿಲು ಮತ್ತೆ ತೆರೆಯಲಿ

ಮಾನ್ಯ ಸಂಪಾದಕರೇ,

ಅಪ್ಪ, ಅಜ್ಜಂದಿರ ಕಾಲದ ಫಿಲ್ಮ್ ಕ್ಯಾಮೆರಾಗಳನ್ನು ಕಾಲೇಜು ಹುಡುಗರು ಬೀರುವಿನಿಂದ ಹೊರತೆಗೆಯುತ್ತಿರುವುದನ್ನು ಬರೀ ಶೋಕಿಯೆಂದು ಹಳಿಯುವವರಿದ್ದಾರೆ. ಶೋಕಿಯೇ ಆಗಿದ್ದರೂ ತಪ್ಪೇನಿಲ್ಲ. 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ್ದ ಕೊಡಾಕ್ ಕಂಪನಿ, ತಾನೇ ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮರಳಿ ಮಾರುಕಟ್ಟೆಗೆ ತಂದಿತು. 2024ರಲ್ಲಿ ಪೆಂಟಾಕ್ಸ್ ಹೊಸದೊಂದು ಫಿಲ್ಮ್ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ಊಟಿಯಲ್ಲಿ ‘ಇಂದು’ ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಮಾತ್ರ ಮುಚ್ಚಿಹೋಗಿರುವುದರಿಂದ, ಆಮದಾದ ರೋಲಿಗೆ ದುಬಾರಿ ಬೆಲೆ ತೆತ್ತು ಮೂವತ್ತಾರು ಚಿತ್ರಗಳನ್ನು ಜೋಪಾನವಾಗಿ ತೆಗೆಯಬೇಕಾಗಿದೆ. ಈ ಜಿಪುಣತನವೇ ನೋಟವನ್ನು ಚುರುಕಾಗಿಸುತ್ತದೆ ಎಂಬುದು ನನ್ನ ಅನುಭವ.

ಆದರೆ ಈಗಿನ ಬಹುತೇಕ ಹವ್ಯಾಸಿಗಳು ರೋಲನ್ನು ಕೊರಿಯರ್‌ನಲ್ಲಿ ದೂರದ ಲ್ಯಾಬಿಗೆ ಕಳುಹಿಸಿ, ಸ್ಕ್ಯಾನ್ ಆದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ತೃಪ್ತರಾಗುತ್ತಾರೆ. ಫಿಲ್ಮಿನ ಸುಖದ ದೊಡ್ಡ ಪಾಲು ಇರುವುದು ಕ್ಯಾಮೆರಾದಲ್ಲಲ್ಲ, ಚಿತ್ರಗಳನ್ನು ಕೈಯಾರೆ ಮುದ್ರಿಸುವ ಕತ್ತಲೆ ಕೋಣೆಯಾದ ಡಾರ್ಕ್‌ರೂಮಿನಲ್ಲಿ. ನೆಗೆಟಿವ್‌ನ ಚಿತ್ರವನ್ನು ದೊಡ್ಡದಾಗಿಸಿ ಬೀಳಿಸುವ ಎನ್‌ಲಾರ್ಜರಿನ ಬೆಳಕು ಕಂಡ ಬ್ರೋಮೈಡ್ ಫೋಟೋ ಕಾಗದವನ್ನು ಕೆಂಪು ದೀಪದಡಿ, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ತುಂಬಿದ ಟ್ರೇಗೆ ಇಳಿಬಿಟ್ಟಾಗ, ಮೊದಲು ತಲೆಗೂದಲು, ಹುಬ್ಬು, ಕಣ್ಣಿನ ಗುಡ್ಡೆಯಂಥ ಕಪ್ಪು ಭಾಗಗಳು ಮೂಡಿ, ಕೆನ್ನೆ ಹಣೆಗಳ ನಸುಬೂದು ಛಾಯೆ ಆಮೇಲೆ ನಿಧಾನವಾಗಿ ತುಂಬಿಕೊಳ್ಳುವುದನ್ನು ಒಮ್ಮೆ ಕಂಡವರಿಗೆ ಸ್ಕ್ಯಾನಿನ ಚಿತ್ರ ಸಪ್ಪೆಯೆನಿಸುತ್ತದೆ. ಮುಖ ತೀರಾ ಕಪ್ಪಾಗದಂತೆ ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು, ಗೆರೆ ಬೀಳದಂತೆ ಅದನ್ನು ಆಡಿಸುತ್ತಲೇ ಇರುವ ಹದವನ್ನು ಪುಸ್ತಕ ಓದಿ ಕಲಿಯಲಾಗದು. ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ನಮ್ಮ ಏಪ್ರಿಲ್ ತಿಂಗಳ ನಲ್ಲಿ ನೀರಿಗೆ ಆ ಮಾತು ಕೇಳಿಸುವುದಿಲ್ಲ. ಬಾಟಲಿಯ ಸುತ್ತ ಮಂಜುಗಡ್ಡೆ ಇಟ್ಟೋ, ಡೆವಲಪ್ ಮಾಡುವ ಸಮಯ ಕಡಿಮೆ ಮಾಡಿಯೋ ಹೊಂದಿಸಿಕೊಳ್ಳುವ ಉಪಾಯಗಳು ಹಳೆಯ ಸ್ಟುಡಿಯೋದವರಿಗೆ ಕರಗತ.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಫಿಲ್ಮಿನಲ್ಲೇ ಹೆಸರು ಮಾಡಿದ ನಾಡಿದು. ಅಂದು ಸ್ಟುಡಿಯೋಗಳಲ್ಲಿ ದುಡಿದವರ ಪೈಕಿ ಹಲವರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ, ವಯಸ್ಸಾಗಿದೆ ಅಷ್ಟೇ. ಚಿತ್ರಕಲಾ ಕಾಲೇಜುಗಳು, ಪತ್ರಿಕೋದ್ಯಮ ವಿಭಾಗಗಳು ಮತ್ತು ಛಾಯಾಗ್ರಹಣ ಸಂಘಗಳು ಗೌರವಧನ ಕೊಟ್ಟು ಇವರನ್ನು ಕರೆಸಿ, ಜಿಲ್ಲೆಗೊಂದಾದರೂ ಡಾರ್ಕ್‌ರೂಂ ತೆರೆಯಬೇಕು. ಕಿಟಕಿ ಮುಚ್ಚಿದ ಒಂದು ಕೋಣೆ, ನೀರಿನ ತೊಟ್ಟಿ, ಗುಜರಿಗೆ ಹೋಗದೆ ಉಳಿದ ಒಂದು ಎನ್‌ಲಾರ್ಜರ್ ಇದ್ದರೆ ಆರಂಭಕ್ಕೆ ಸಾಕು. ಮೂಡಿದ ಚಿತ್ರವನ್ನು ಕಾಯಂಗೊಳಿಸಲು ಬಳಸಿದ ಹೈಪೋ ದ್ರಾವಣದಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಚರಂಡಿಗೆ ಸುರಿಯದೆ ಕ್ಯಾನುಗಳಲ್ಲಿ ಶೇಖರಿಸುವ ಏರ್ಪಾಡನ್ನೂ ಮೊದಲೇ ಮಾಡಿಕೊಳ್ಳಬೇಕು. ಹಿಂದೆ ಅದನ್ನು ಕೊಳ್ಳಲು ಸ್ಟುಡಿಯೋ ಬಾಗಿಲಿಗೇ ಜನ ಬರುತ್ತಿದ್ದರು.

— ಹವ್ಯಾಸಿ ಛಾಯಾಗ್ರಾಹಕ, ಶಿವಮೊಗ್ಗ