ಬಾಜಿ ಕಟ್ಟುತ್ತಿದ್ದ ವೀಕ್ಷಕ ವಿವರಣೆಗಾರ

ಮಾನ್ಯರೇ,

ಬ್ರಿಟನ್ನಿನಲ್ಲಿ ‘ರೇಸಿನ ದನಿ’ ಎಂದೇ ಹೆಸರಾಗಿದ್ದ ಕುದುರೆ ಓಟದ ವೀಕ್ಷಕ ವಿವರಣೆಗಾರ ಪೀಟರ್ ಓಸಲಿವನ್ 2015ರ ಜುಲೈ 29ರಂದು, ತಮ್ಮ 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಐರ್ಲೆಂಡಿನಲ್ಲಿ ಹುಟ್ಟಿದ ಅವರು ಬಿಬಿಸಿಯ ರೇಡಿಯೊದಲ್ಲಿಯೂ ಅನಂತರ ದೂರದರ್ಶನದಲ್ಲಿಯೂ ಸೇರಿ 50 ಬಾರಿ, ಕುದುರೆಗಳು ಬೇಲಿಗಳನ್ನು ಹಾರಿ ಓಡುವ ಗ್ರ್ಯಾಂಡ್ ನ್ಯಾಷನಲ್ ಓಟವನ್ನು ಕೇಳುಗರ ಕಣ್ಣೆದುರು ಕಟ್ಟಿಕೊಟ್ಟವರು.

ಅವರು ಬಾಜಿ ಕಟ್ಟುವುದನ್ನು ಎಂದೂ ಮುಚ್ಚಿಟ್ಟವರಲ್ಲ. ಕುದುರೆಯ ಮೇಲೆ ಹಣ ಹೂಡಿದವನೇ ಮೈಕಿನ ಮುಂದೆ ಕುಳಿತರೆ ನಿಷ್ಪಕ್ಷಪಾತ ಎಲ್ಲಿ ಉಳಿದೀತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ 1974ರಲ್ಲಿ ಚೆಲ್ಟನ್‌ಹ್ಯಾಮ್‌ನ ಟ್ರಯಂಫ್ ಹರ್ಡಲ್ ಓಟದಲ್ಲಿ ತಮ್ಮದೇ ಕುದುರೆ ಅಟೀವೊ ಗೆಲ್ಲುತ್ತಿದ್ದಾಗಲೂ ಅವರು ಅದನ್ನು ಪರರ ಕುದುರೆಯೆಂಬಂತೆ, ದನಿ ನಡುಗದೆ ವರ್ಣಿಸಿದರು. ಹಿಂದಿನ ವರ್ಷದ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ, 12 ಸ್ಟೋನ್ (ಸುಮಾರು 76 ಕಿಲೊ) ಭಾರ ಹೊತ್ತು ಬಹುದೂರ ಮುಂದಿದ್ದ ಕ್ರಿಸ್ಪ್ ಎಂಬ ಕುದುರೆ ಕೊನೆಯ ಗಜಗಳಲ್ಲಿ ಕಾಲು ಸೋತು, ಅದಕ್ಕಿಂತ 23 ಪೌಂಡ್ (ಸುಮಾರು 10 ಕಿಲೊ) ಕಡಿಮೆ ಹೊತ್ತಿದ್ದ ರೆಡ್ ರಮ್‌ಗೆ ಮುಕ್ಕಾಲು ಕುದುರೆಯುದ್ದದ ಅಂತರದಲ್ಲಿ ಸೋತಾಗಲೂ ಅವರ ಮಾತು ತೂಕ ತಪ್ಪಲಿಲ್ಲ.

ಜೂಜನ್ನು ನಾನು ಸಮರ್ಥಿಸುತ್ತಿಲ್ಲ. ಬೆಂಗಳೂರಿನ ರೇಸ್‌ಕೋರ್ಸಿನಿಂದ ಬರಿಗೈಯಲ್ಲಿ ಮರಳಿದವರನ್ನು ನಾವೆಲ್ಲ ಕಂಡಿದ್ದೇವೆ. ಇಂದಿನ ಕ್ರೀಡಾ ವಿವರಣೆಯಲ್ಲಿ ಅರಚಾಟವನ್ನೇ ಉತ್ಸಾಹವೆಂದು ಭಾವಿಸುವವರು ಅವರ ಹಳೆಯ ಧ್ವನಿಮುದ್ರಣಗಳನ್ನು ಒಮ್ಮೆ ಕೇಳಬೇಕೆಂಬುದಷ್ಟೇ ನನ್ನ ಕೋರಿಕೆ. 1997ರಲ್ಲಿ ನಿವೃತ್ತರಾದಾಗ ಅವರು ತಮ್ಮ ಹೆಸರಿನ ದತ್ತಿಯನ್ನು ಸ್ಥಾಪಿಸಿ, ಅದರ ಹಣವನ್ನು ಕುದುರೆಗಳ ಮತ್ತು ಇತರ ಪ್ರಾಣಿಗಳ ಪಾಲನೆಗೆ ಮೀಸಲಿಟ್ಟರು.

– ಓರ್ವ ಓದುಗ, ಬೆಂಗಳೂರು