ಖುಷಿಯಿಂದ ನೋಡಿದೆ, ಆದರೂ ಮನಸ್ಸು ತುಂಬಲಿಲ್ಲ

ಪ್ರೀತಿಯ ತಮ್ಮಾ,

ನೆಟ್‌ಫ್ಲಿಕ್ಸ್‌ನ ಕೊರಿಯನ್ ಸೀರೀಸ್ ‘ಬ್ಲಡ್‌ಹೌಂಡ್ಸ್’ ಮೊದಲ ಸೀಸನ್ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಓದಿದೆ. ಎಂಟೂ ಎಪಿಸೋಡ್ ಬಿಡದೆ ನೋಡಿದೆ, ರಾತ್ರಿ ನಿದ್ದೆ ಕೆಟ್ಟೆ ಅಂತ ಶುರು ಮಾಡಿದ್ದೀಯ. ಕೊನೆಗೆ ಐದಕ್ಕೆ ಮೂರು ಸ್ಟಾರ್ ಕೊಟ್ಟು ‘ಒಮ್ಮೆ ನೋಡಬಹುದು’ ಅಂತ ಮುಗಿಸಿದ್ದೀಯ. ನಿದ್ದೆ ಕೆಟ್ಟು ನೋಡಿದವನು ಮೂರು ಸ್ಟಾರ್‌ಗೆ ಹೇಗೆ ಇಳಿದ? ಆ ಮಧ್ಯದ ಕಥೆಯೇ ಬರಹದಲ್ಲಿಲ್ಲ.

ತುಂಬಾ ಇಷ್ಟವಾಗಿದ್ದರ ಬಗ್ಗೆ ಬರೆಯುವುದು ಸುಲಭ. ಬೈಯುವುದು ಇನ್ನೂ ಸುಲಭ. ಖುಷಿಯಾಗಿ ನೋಡಿಯೂ ಪೂರ್ತಿ ಒಲಿಯದೇ ಹೋದದ್ದರ ಬಗ್ಗೆ ಬರೆಯುವಾಗ ಕೈ ತಡವರಿಸುತ್ತದೆ. ಆಗ ನಾವೆಲ್ಲ ತಕ್ಕಡಿ ಹಿಡಿದು ಕೂರುತ್ತೇವೆ. ನಟನೆ ಚೆನ್ನಾಗಿದೆ, ಕಥೆ ಸಾಧಾರಣ, ಫೈಟ್ ಸೂಪರ್, ಕೊನೆಗೆ ಎಳೆದಿದ್ದಾರೆ. ನಿನ್ನ ಎರಡನೇ ಪ್ಯಾರಾ ಪೂರ್ತಿ ಹೀಗೇ ಇದೆ. ಅದನ್ನು ತೆಗೆದುಬಿಡು. ಹೆಸರು ಬದಲಾಯಿಸಿದರೆ ಅದು ಯಾವ ಸೀರೀಸ್‌ಗೆ ಬೇಕಾದರೂ ಹೊಂದುತ್ತದೆ.

ಮೊದಲು ಖುಷಿಯನ್ನು ಸರಿಯಾಗಿ ಬರಿ. ‘ಫೈಟ್‌ಗಳು ಮೈ ಜುಂ ಅನ್ನಿಸುತ್ತವೆ’ ಅಂದರೆ ಸಾಲದು. ಯಾಕೆ ಅನ್ನಿಸುತ್ತವೆ? ಗೊನ್-ವೂ, ವೂ-ಜಿನ್ ಇಬ್ಬರೂ ಬಾಕ್ಸರ್‌ಗಳು. ಬಾಕ್ಸಿಂಗ್ ಅಂದರೆ ನಿಯಮ. ಒಬ್ಬನಿಗೆ ಒಬ್ಬ, ಸೊಂಟದ ಕೆಳಗೆ ಹೊಡೆಯುವಂತಿಲ್ಲ, ಗಂಟೆ ಬಾರಿಸಿದರೆ ನಿಲ್ಲಿಸಬೇಕು. ಇವರ ಎದುರಿಗೆ ಬರುವವರಿಗೆ ಯಾವ ನಿಯಮವೂ ಇಲ್ಲ. ಹತ್ತಾರು ಜನ, ಕೈಯಲ್ಲಿ ಚಾಕು, ದೊಣ್ಣೆ. ನಿಯಮ ಕಲಿತ ಮೈ ನಿಯಮವಿಲ್ಲದ ಜಾಗದಲ್ಲಿ ಉಳಿಯುತ್ತಾ ಅನ್ನುವ ಭಯ ಪ್ರತಿ ಹೊಡೆದಾಟದಲ್ಲೂ ಇದೆ. ಇನ್ನೊಂದು ವಿಷಯ. ದಕ್ಷಿಣ ಕೊರಿಯಾದಲ್ಲಿ ಸಾಮಾನ್ಯರ ಕೈಗೆ ಬಂದೂಕು ಸಿಗುವುದು ಬಹಳ ಕಷ್ಟ. ಬೇಟೆಯ ಲೈಸೆನ್ಸ್ ಇದ್ದವರೂ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕು. ಹಾಗಾಗಿ ಅಲ್ಲಿನ ರೌಡಿಗಳ ಕಥೆಯಲ್ಲಿ ದೂರದಿಂದ ಕೊಲ್ಲುವ ಸೌಕರ್ಯ ಕಡಿಮೆ. ಹತ್ತಿರ ಹೋಗಬೇಕು, ಎದುರಿನವನ ಮುಖ ನೋಡಬೇಕು, ಸುಸ್ತಾಗಬೇಕು. ನಿನಗೆ ಜುಂ ಅನ್ನಿಸಿದ್ದು ಆ ಸುಸ್ತು ಅಂತ ನನ್ನ ಅನುಮಾನ. ಮತ್ತೊಮ್ಮೆ ನೋಡಿ ಹೌದೋ ಅಲ್ಲವೋ ಬರಿ.

ಇಬ್ಬರ ಗೆಳೆತನದ ಬಗ್ಗೆ ‘ಕೆಮಿಸ್ಟ್ರಿ ಚೆನ್ನಾಗಿದೆ’ ಅಂತ ಒಂದೇ ಸಾಲು ಹಾಕಿದ್ದೀಯ. ನನಗಂತೂ ಇಡೀ ಸೀರೀಸ್‌ನಲ್ಲಿ ಜಾಸ್ತಿ ಇಷ್ಟವಾಗಿದ್ದು ಅದೇ. ರಿಂಗ್‌ನಲ್ಲಿ ಬಡಿದಾಡಿದ ಹುಡುಗರು ಊಟಕ್ಕೆ ಕೂತು ಅಣ್ಣತಮ್ಮಂದಿರಾಗುತ್ತಾರೆ. ಇಬ್ಬರೂ ಮರೀನ್ ಪಡೆಯಲ್ಲಿ ಇದ್ದು ಬಂದವರು. ಕೊರಿಯಾದಲ್ಲಿ ಗಂಡಸರಿಗೆ ಸೇನಾ ಸೇವೆ ಕಡ್ಡಾಯ, ಆದರೆ ಮರೀನ್‌ಗೆ ತಾವಾಗಿ ಅರ್ಜಿ ಹಾಕಿ ಸೇರಬೇಕು. ಯಾರು ಯಾವ ಬ್ಯಾಚ್ ಅನ್ನುವುದರ ಮೇಲೆ ಹಿರಿಕಿರಿಯರ ಲೆಕ್ಕ ನಿಲ್ಲುತ್ತದೆ, ಸೇನೆ ಬಿಟ್ಟ ಮೇಲೂ ಅದು ಹೋಗುವುದಿಲ್ಲ. ವೂ ದೊ-ಹ್ವಾನ್ ಮಾಡಿದ ಗೊನ್-ವೂ ಎಷ್ಟು ವಿನಯದ ಹುಡುಗ ಅಂದರೆ ಹೊಡೆಯುವ ಮುಂಚೆ ಕ್ಷಮೆ ಕೇಳಿಬಿಡುತ್ತಾನೇನೋ ಅನ್ನಿಸುತ್ತದೆ. ಲೀ ಸಾಂಗ್-ಯಿ ಮಾಡಿದ ವೂ-ಜಿನ್ ವಾಚಾಳಿ. ಒಬ್ಬ ಹೇಳದೇ ಇಟ್ಟುಕೊಂಡಿದ್ದನ್ನು ಇನ್ನೊಬ್ಬ ಆಡಿ ಮುಗಿಸುತ್ತಾನೆ. ಇಂಥ ಗೆಳೆತನ ತೋರಿಸುವಾಗ ಯಾರಾದರೂ ಒಬ್ಬ ದ್ರೋಹ ಮಾಡುತ್ತಾನೆ ಅಂತ ನಾವು ಕಾಯುತ್ತಿರುತ್ತೇವೆ, ಅಲ್ವಾ? ಇಲ್ಲಿ ಅದಿಲ್ಲ. ಅದನ್ನು ಗಮನಿಸಿ ಬರೆದರೆ ಓದುವವನಿಗೆ ಏನೋ ಸಿಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಿನ್ನ ಪ್ರೀತಿ ಎಲ್ಲಿ ನಿಂತಿತು? ‘ಕೊನೆಯ ಎರಡು ಎಪಿಸೋಡ್ ಡಲ್’ ಅಂತ ನೀನು ಹೇಳುತ್ತೀಯ. ಸರಿ, ಆದರೆ ಡಲ್ ಅನ್ನುವುದು ನಿನಗೆ ಆಗಿದ್ದು. ಸೀರೀಸ್‌ನಲ್ಲಿ ಏನಾಯಿತು ಅಂತ ಹೇಳು.

ಶುರುವನ್ನು ನೆನಪಿಸಿಕೋ. ಕೋವಿಡ್ ಕಾಲ. ಗೊನ್-ವೂ ಅಮ್ಮನದು ಒಂದು ಸಣ್ಣ ಕೆಫೆ. 2020ರ ನವೆಂಬರ್ ಕೊನೆಯಿಂದ 2021ರ ಜನವರಿ ಮಧ್ಯದವರೆಗೆ ರಾಜಧಾನಿ ಸೋಲ್ ಸುತ್ತಮುತ್ತಲಿನ ಕೆಫೆಗಳಲ್ಲಿ ಕೂತು ಕಾಫಿ ಕುಡಿಯುವಂತೆಯೇ ಇರಲಿಲ್ಲ, ಪಾರ್ಸೆಲ್ ಮಾತ್ರ. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಅಂಥ ಹೊತ್ತಲ್ಲಿ ‘ಸ್ಮೈಲ್ ಕ್ಯಾಪಿಟಲ್’ ಅನ್ನುವ ಕಂಪನಿ ನಗುನಗುತ್ತಾ ಸಾಲ ಕೊಡುತ್ತದೆ. ಮೋಸ ಇರುವುದು ಕಾಗದದಲ್ಲಿ. ಸಾಲದ ಮೇಲಿನ ಬಡ್ಡಿ ವರ್ಷಕ್ಕೆ ಶೇ. 20 ದಾಟಬಾರದು ಅಂತ ಕೊರಿಯಾ ಸರ್ಕಾರ 2021ರ ಜುಲೈನಲ್ಲಿ ಮಿತಿ ಇಳಿಸಿತು, ಅದಕ್ಕೆ ಮುಂಚೆ ಶೇ. 24 ಇತ್ತು. ಈ ಕಥೆಯಲ್ಲಿ ಸಾಲ ಕೊಡುವವರು ಆ ಕಾನೂನಿನ ಹೊರಗೆ ಬದುಕುವವರು. ವಸೂಲಿಗೆ ಬಂದವರು ಕೆಫೆ ಒಡೆದು ಹಾಕುತ್ತಾರೆ. ಅಮ್ಮನ ಎದುರಿಗೇ ಮಗನ ಕೆನ್ನೆ ಸೀಳುತ್ತದೆ. ಆ ಗಾಯದ ಗುರುತು ಇಟ್ಟುಕೊಂಡೇ ಹುಡುಗ ಮುಂದೆ ನಡೆಯುತ್ತಾನೆ.

ಆಮೇಲೆ ಹೊ ಜೂನ್-ಹೊ ಮಾಡಿದ ಮುದುಕ ಚೊಯ್ ಬರುತ್ತಾನೆ. ಒಂದು ಕಾಲದಲ್ಲಿ ದೊಡ್ಡ ಲೇವಾದೇವಿಗಾರ. ಈಗ ಕಷ್ಟದಲ್ಲಿರುವವರಿಗೆ ಬಡ್ಡಿ ಇಲ್ಲದೆ ದುಡ್ಡು ಕೊಡುತ್ತಾನೆ. ಎಂಥಾ ಒಳ್ಳೆ ಜೋಡಿ ನೋಡು. ಒಂದು ಕಡೆ ನಗುತ್ತಾ ರಕ್ತ ಹೀರುವ ಸಾಲಿಗ, ಇನ್ನೊಂದು ಕಡೆ ಹಳೆಯ ಪಾಪ ಕಳೆದುಕೊಳ್ಳಲು ಸಾಲ ಕೊಡುವವನು. ಇಲ್ಲಿಯವರೆಗೆ ಕಥೆಯ ನಿಜವಾದ ಖಳ ಸಾಲವೇ. ಯಾರು ಸಾಲ ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಸಹಿ ಹಾಕುವಾಗ ಏನು ಓದುವುದಿಲ್ಲ, ಇವೆಲ್ಲ ಕಥೆಯೊಳಗೆ ಇವೆ. ಅದಕ್ಕೇ ಒಂದೊಂದು ಹೊಡೆತಕ್ಕೂ ತೂಕ ಇದೆ.

ಆರನೇ ಎಪಿಸೋಡ್ ಕೊನೆಗೆ ಚೊಯ್ ಸಾಯುತ್ತಾನೆ. ಅಲ್ಲಿಂದ ಸಾಲ ಕಥೆಯಿಂದ ಹೊರಗೆ ಹೋಗುತ್ತದೆ. ಉಳಿಯುವುದು ಸೇಡು. ಹುಡುಗರು ಮೈ ಗಟ್ಟಿ ಮಾಡಿಕೊಂಡು ಬರುತ್ತಾರೆ, ಹೊಸ ಮುಖಗಳು ಬರುತ್ತವೆ, ಮುಂಚಿಗಿಂತ ಜಾಸ್ತಿ ಜನ ಬೀಳುತ್ತಾರೆ. ಆದರೆ ಕೆಫೆ ಕಳೆದುಕೊಂಡ ಹೆಂಗಸಿನ ಲೆಕ್ಕ ಯಾರೂ ಕೇಳುವುದಿಲ್ಲ. ಸಾಲಿಗನನ್ನು ಹೊಡೆದು ಹಾಕಿದರೆ ಸಾಲದ ಕಥೆ ಮುಗಿಯುತ್ತದಾ? ಮೊದಲ ಎಪಿಸೋಡ್ ಆ ಪ್ರಶ್ನೆಯನ್ನು ನಮ್ಮ ಕೈಗೆ ಕೊಟ್ಟಿತ್ತು. ಕೊನೆಯ ಎಪಿಸೋಡ್ ಮರೆತುಬಿಟ್ಟಿತು. ಇದು ನನ್ನ ಉತ್ತರ, ನಿನ್ನದು ಬೇರೆ ಇರಬಹುದು. ಇರಲಿ. ಆದರೆ ಇಂಥ ಕಡೆ ಬೆರಳಿಟ್ಟು ತೋರಿಸು.

ಹೋಲಿಸಿ ನೋಡಬೇಕು ಅನ್ನಿಸಿದರೆ 2021ರ ‘ಮೈ ನೇಮ್’ ನೋಡು. ಅದೂ ನೆಟ್‌ಫ್ಲಿಕ್ಸ್‌ನದೇ, ಎಂಟೇ ಎಪಿಸೋಡ್. ಅದರಲ್ಲಿ ನಂಬಲು ಕಷ್ಟವಾಗುವ ತಿರುವುಗಳು ಬೇಕಾದಷ್ಟಿವೆ. ಆದರೂ ಮನೆ ಬಾಗಿಲಲ್ಲಿ ಅಪ್ಪನನ್ನು ಕೊಂದವರು ಯಾರು ಅನ್ನುವ ಒಂದೇ ಪ್ರಶ್ನೆ ಹಿಡಿದು ಹಾನ್ ಸೊ-ಹಿ ಪಾತ್ರ ಕೊನೆವರೆಗೂ ಹೋಗುತ್ತದೆ. ಅದಕ್ಕೇ ಅದರ ತಪ್ಪುಗಳನ್ನು ನಾನು ಮಾಫಿ ಮಾಡಿದೆ.

ಇನ್ನು ಕಿಮ್ ಸೆ-ರಾನ್ ವಿಷಯ. ಇದರ ಬಗ್ಗೆ ನೀನು ಒಂದು ದೊಡ್ಡ ಪ್ಯಾರಾ ಬರೆದಿದ್ದೀಯ. ಚೊಯ್ ಸಾಕಿದ ಹುಡುಗಿ ಹ್ಯುನ್-ಜು ಪಾತ್ರ ಅವಳದು. 2022ರ ಮೇನಲ್ಲಿ, ಶೂಟಿಂಗ್ ಇನ್ನೂ ಮುಗಿಯದೆ ಇರುವಾಗ, ಕುಡಿದು ಕಾರು ಓಡಿಸಿ ಅಪಘಾತ ಮಾಡಿದ ಪ್ರಕರಣ ಆಯಿತು. ಕೆಲಸ ಸ್ವಲ್ಪ ದಿನ ನಿಂತಿತು. ನಿರ್ದೇಶಕ ಕಿಮ್ ಜೂ-ಹ್ವಾನ್ ಕೊನೆಯ ಎರಡು ಎಪಿಸೋಡನ್ನು ಹೊಸದಾಗಿ ಬರೆದರು. 2023ರ ಜೂನ್ 9ಕ್ಕೆ ನಾವು ನೋಡಿದ್ದು ಆ ಹೊಸ ಆವೃತ್ತಿ. ಇಷ್ಟು ಹೇಳಬೇಕು, ಯಾಕೆಂದರೆ ಜೋಡಿಸಿದ ಜಾಗ ಕಣ್ಣಿಗೆ ಕಾಣುತ್ತದೆ. ಇಬ್ಬರು ಹುಡುಗರ ಜೊತೆ ಸಮಸಮ ನಿಂತು ಕೆಲಸ ಮಾಡುತ್ತಿದ್ದ ಹುಡುಗಿ ಕಥೆಯಿಂದ ಎದ್ದು ಹೋಗುತ್ತಾಳೆ. ಅಜ್ಜನ ಸಾವು ಎಲ್ಲರಿಗಿಂತ ಅವಳಿಗೆ ಸೇರಿದ್ದು. ಸೇಡು ಮಾತ್ರ ಬೇರೆಯವರ ಪಾಲಾಯಿತು.

ಆದರೆ ನೀನು ಅಲ್ಲಿಗೆ ನಿಲ್ಲಿಸಿಲ್ಲ. ಅವಳಿಗೆ ಬುದ್ಧಿ ಹೇಳಿದ್ದೀಯ, ವ್ಯಂಗ್ಯ ಮಾಡಿದ್ದೀಯ. ಅವಳು 2025ರ ಫೆಬ್ರವರಿಯಲ್ಲಿ, 24ನೇ ವಯಸ್ಸಿಗೆ ತೀರಿಕೊಂಡಳು. ಆ ಸಾಲುಗಳನ್ನು ಅಳಿಸು. ನೋಡುವವನಿಗೆ ಸಂಬಂಧಪಟ್ಟದ್ದು ತೆರೆಯ ಮೇಲಿನ ಬಿರುಕು. ಅದರ ಕಾರಣವನ್ನು ಎರಡು ವಾಕ್ಯದಲ್ಲಿ ಹೇಳಿದರೆ ಆಯಿತು. ಮತ್ತೆ, ಆ ಕಾರಣವನ್ನು ಸೀರೀಸ್‌ಗೆ ರಿಯಾಯಿತಿಯಾಗಿಯೂ ಕೊಡಬೇಡ. ‘ಪಾಪ, ಅವರೇನು ಮಾಡ್ತಾರೆ’ ಅನ್ನುವುದು ಗೆಳೆಯರ ಹತ್ತಿರ ಆಡುವ ಮಾತು. ಪಾತ್ರ ಹೋಗುವುದು ಅನಿವಾರ್ಯ ಆಗಿದ್ದಿರಬಹುದು. ಸಾಲದ ಪ್ರಶ್ನೆ ಹೋಗಬೇಕಾಗಿರಲಿಲ್ಲ.

ನಮ್ಮೂರಿನ ಮೀಟರ್ ಬಡ್ಡಿಯವರನ್ನು ನೆನೆಸಿಕೊಂಡ ಭಾಗ ಚೆನ್ನಾಗಿದೆ, ಬಿಡು. ಕಿರುಸಾಲದ ವಸೂಲಿ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತಂದಿದ್ದನ್ನೂ ಸೇರಿಸಿದ್ದೀಯ. ಅದೂ ಇರಲಿ. ಆದರೆ ಎರಡು ಪ್ಯಾರಾ ಯಾಕೆ? ನಮ್ಮ ಕಡೆ ಓದುವವನಿಗೆ ಮನೆ ಮುಂದೆ ಬಂದು ಕೂರುವ ವಸೂಲಿಯವನು ಏನು ಅಂತ ಹೇಳಿಕೊಡಬೇಕಾಗಿಲ್ಲ. ಒಂದು ಸಾಲು ಸಾಕು, ಉಳಿದದ್ದು ಅವನಿಗೇ ಹೊಳೆಯುತ್ತದೆ.

ನೀನು ಬಿಟ್ಟಿದ್ದು ಪಾರ್ಕ್ ಸಂಗ್-ವೂಂಗ್. ಅವನು ಮಾಡಿದ ‘ಸ್ಮೈಲ್ ಕ್ಯಾಪಿಟಲ್’ ಒಡೆಯ ಮ್ಯೊಂಗ್-ಗಿಲ್ ಪಾತ್ರಕ್ಕೆ ‘ಭಯಾನಕ’ ಅಂತ ಒಂದೇ ಪದ ಬರೆದು ಮುಂದೆ ಹೋಗಿದ್ದೀಯ. ಆ ಭಾರದ ದನಿ, ಆ ಸೂಟು, ಅವಸರವೇ ಇಲ್ಲದ ನಡಿಗೆ, ಇದನ್ನು ಬಿಡಿಸಿ ಬರಿ. ಕಥೆ ಸಡಿಲವಾದ ಮೇಲೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದು ಅವನು. ನೆಚ್ಚಿಕೊಳ್ಳದಿದ್ದರೂ ಕೊನೆಯವರೆಗೆ ಯಾಕೆ ನೋಡಿದೆ ಅನ್ನುವುದಕ್ಕೆ ನನ್ನ ಅರ್ಧ ಉತ್ತರ ಅಲ್ಲೇ ಇದೆ.

ಸ್ಟಾರ್ ತೆಗೆದುಬಿಡು. ಚೊಯ್ ಸಾಯುವುದನ್ನು ಹೇಳುವ ಮುಂಚೆ ಓದುವವನಿಗೆ ಒಂದು ಎಚ್ಚರಿಕೆ ಕೊಡು. ಆಮೇಲೆ ಹೆಸರುಗಳು. ನಾಯಕ ಕಿಮ್ ಗೊನ್-ವೂ, ಖಳ ಕಿಮ್ ಮ್ಯೊಂಗ್-ಗಿಲ್, ನಿರ್ದೇಶಕರೂ ಕಿಮ್, ಆ ನಟಿಯೂ ಕಿಮ್. ಕೊರಿಯಾದಲ್ಲಿ ಸುಮಾರು ಐದರಲ್ಲಿ ಒಬ್ಬರು ಕಿಮ್, ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ. ನೀನು ಎಲ್ಲ ಕಡೆ ಬರೀ ಕಿಮ್ ಅಂತ ಬರೆದಿದ್ದೀಯ. ನಾಲ್ಕನೇ ಪ್ಯಾರಾದಲ್ಲಿ ಯಾವ ಕಿಮ್ ಯಾವ ಕಿಮ್‌ಗೆ ಹೊಡೆದ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಇಂತಿ,
ನಿನ್ನ ಅಣ್ಣ