ಕೂಡಾರವಲ್ಲಿ ಪ್ರಸಾದಕ್ಕೆ ದೀಪದ ತುಪ್ಪ ಬೇಡ

ಮಾನ್ಯ ಸಂಪಾದಕರೇ,

ಧನುರ್ಮಾಸಕ್ಕೆ ಕೋಲಾರ ಜಿಲ್ಲೆಯ ದೇವಸ್ಥಾನ ಸಮಿತಿಗಳು ಸಾಮಾನಿನ ಪಟ್ಟಿ ಹಾಕುವ ಸಮಯವಿದು. ಪಟ್ಟಿ ಅಂಗಡಿಗೆ ಹೋಗುವ ಮೊದಲೇ 27ನೇ ದಿನದ ಬಗ್ಗೆ ಹೇಳುವುದಿದೆ. ಜನವರಿ 11ರ ಆಸುಪಾಸು ಬರುವ ಕೂಡಾರವಲ್ಲಿಯಂದು ಆಂಡಾಳ್ ಸನ್ನಿಧಿ ಇರುವ ಕಡೆ ಅಕ್ಕಾರವಡಿಸಲ್ (ಹಾಲಿನಲ್ಲೇ ಬೇಯಿಸಿ ಬೆಲ್ಲ, ತುಪ್ಪ ಬೆರೆಸಿದ ಸಿಹಿ ಅನ್ನ) ತಳಿಗೆ, ಅಂದರೆ ನೈವೇದ್ಯ. ಹೆಸರು ಅದೇ, ದೊನ್ನೆಗೆ ಬೀಳುವುದು ಮಾತ್ರ ಎಷ್ಟೋ ಕಡೆ ಡಾಲ್ಡಾ ಹಾಕಿದ ಬೆಲ್ಲದನ್ನ.

ಹನ್ನೆರಡು ಆಳ್ವಾರರಲ್ಲಿ, ಅಂದರೆ ತಮಿಳು ವೈಷ್ಣವ ಸಂತಕವಿಗಳಲ್ಲಿ, ಹೆಣ್ಣು ಆಂಡಾಳ್ ಒಬ್ಬರೇ. ತಮಿಳುನಾಡಿನ ಶ್ರೀವಿಲ್ಲಿಪುತ್ತೂರಿನ ಆಂಡಾಳ್ ಅಮ್ಮನವರ ಮಾಲೆ ಇಂದಿಗೂ ತಿರುಮಲದ ಬ್ರಹ್ಮೋತ್ಸವದ ಗರುಡಸೇವೆಗೆ ಹೋಗುತ್ತದೆ; ಧನುರ್ಮಾಸ ಪೂರ್ತಿ ಅಲ್ಲಿ ಸುಪ್ರಭಾತದ ಬದಲು ಆಂಡಾಳ್ ಹಾಡಿದ ತಿರುಪ್ಪಾವೈ. ಅದರ 30 ಪಾಶುರಗಳಲ್ಲಿ (ಪದ್ಯಗಳಲ್ಲಿ) 27ನೆಯದು ಬಯಸುವುದು ಹಾಲನ್ನ ಮುಳುಗುವಷ್ಟು ತುಪ್ಪವನ್ನು, ಅದೂ ಮೊಣಕೈವರೆಗೆ ಹರಿಯುವಂತೆ. ಮಧುರೈ ಬಳಿಯ ಅಳಗರ್ ದೇವರಿಗೆ ನೂರು ಹಂಡೆ ಬೆಣ್ಣೆ, ನೂರು ಹಂಡೆ ಅಕ್ಕಾರವಡಿಸಲ್ ಎಂದು ಅಮ್ಮನವರು ಹೊತ್ತ ಹರಕೆಯನ್ನು ರಾಮಾನುಜರು ತೀರಿಸಿದರೆಂಬುದು ಸಂಪ್ರದಾಯ. ನಮ್ಮ ಕಡೆ ನೂರು ಹಂಡೆ ಯಾರೂ ಕೇಳುತ್ತಿಲ್ಲ, ಒಂದು ಕೊಪ್ಪರಿಗೆ ನೆಟ್ಟಗಾದರೆ ಸಾಕು.

ಒಂದು ಕಿಲೋ ಅಕ್ಕಿಗೆ 100 ಗ್ರಾಂ ಹೆಸರುಬೇಳೆ, ಆರು ಲೀಟರ್ ಗಟ್ಟಿ ಹಾಲು, ಎರಡು ಕಿಲೋ ಬೆಲ್ಲ, ಮುಕ್ಕಾಲು ಕಿಲೋ ತುಪ್ಪ ಹಿಡಿಯುತ್ತದೆ. ಸಣ್ಣ ದೊನ್ನೆಯಲ್ಲಿ ಕೊಟ್ಟರೆ 60–70 ಜನಕ್ಕೆ ಬರುತ್ತದೆ. ಅಕ್ಕಿ, ಬೇಳೆಯನ್ನು ತೊಳೆದು, ಸ್ವಲ್ಪ ತುಪ್ಪದಲ್ಲಿ ಬಿಸಿ ಮಾಡಿ, ಹಾಲಿನಲ್ಲೇ ಸಣ್ಣ ಉರಿಯಲ್ಲಿ ಬೇಯಿಸಬೇಕು. ಬೆರಳಲ್ಲಿ ಒತ್ತಿದರೆ ಅಗುಳು ಪೂರ್ತಿ ನುಣ್ಣಗಾಗಬೇಕು, ನಡುವೆ ಗಟ್ಟಿ ಸಿಗಬಾರದು. ಅವಸರ ಮಾಡಿ ಕೆಡಿಸುವುದು ಇಲ್ಲಿಯೇ. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದಿಲ್ಲ, ಎಷ್ಟು ಸೌದೆ ಹಾಕಿದರೂ ಅಷ್ಟೇ. ಇನ್ನು ಬೆಲ್ಲದಲ್ಲಿ ಹುಳಿಯ ಅಂಶ ಇರುವುದರಿಂದ ಕುದಿಯುವ ಹಾಲಿಗೆ ಸುರಿದರೆ ಹಾಲು ಒಡೆಯುತ್ತದೆ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ (ಮರಳು ಇದ್ದೇ ಇರುತ್ತದೆ), ಹಸಿ ವಾಸನೆ ಹೋಗುವವರೆಗೆ ಕುದಿಸಿ. ಅನ್ನವನ್ನು ಒಲೆಯಿಂದ ಇಳಿಸಿ, ಹತ್ತು ನಿಮಿಷ ಬಿಟ್ಟು, ಆಮೇಲೆ ಬೆರೆಸಿ. ಮತ್ತೆ ಒಲೆಗಿಟ್ಟು ತುಪ್ಪವನ್ನು ಮೂರು ನಾಲ್ಕು ಸಲ ಹಾಕುತ್ತಾ ತಿರುವಿದರೆ ಕೊನೆಗೆ ಅಂಚಿನಲ್ಲಿ ತುಪ್ಪ ಬಿಡುತ್ತದೆ. ಹಿತ್ತಾಳೆ ಕೊಪ್ಪರಿಗೆಯಾದರೆ ಮೊದಲೇ ಕಲಾಯಿ ಹಾಕಿಸಿರಿ. ಕಲಾಯಿ ಹೋದ ಪಾತ್ರೆಯಲ್ಲಿ ಬೆಲ್ಲ ಕಿಲುಬು ಹಿಡಿಯುತ್ತದೆ, ಅದು ಹೊಟ್ಟೆಗೆ ಒಳ್ಳೆಯದಲ್ಲ.

ಹೆಚ್ಚು ಆತಂಕದ ವಿಷಯ ಎರಡು. ಭಕ್ತರು ದಾನವಾಗಿ ತರುವ ತುಪ್ಪದಲ್ಲಿ ‘ದೀಪದ ತುಪ್ಪ’ದ ಡಬ್ಬಗಳೂ ಸೇರಿರುತ್ತವೆ. ತಿನ್ನಲು ಯೋಗ್ಯವಲ್ಲ ಎಂದು ಅದರ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಬೆಳಗಿನ ಜಾವ ಮಂದ ಬೆಳಕಿನಲ್ಲಿ ಯಾರು ಓದುತ್ತಾರೆ? ಹಿಂದಿನ ದಿನವೇ ಬೇರ್ಪಡಿಸಿ ಗರ್ಭಗುಡಿಯ ಕಡೆ ಇಡಬೇಕು, ಮಡಪಳ್ಳಿಗೆ (ದೇವಸ್ಥಾನದ ಅಡುಗೆಮನೆಗೆ) ಬಿಡಲೇಬಾರದು. ಹಾಗೆಯೇ ಅಡುಗೆಗೆ ಬಳಸುವ ಪಚ್ಚಕರ್ಪೂರದ ಬದಲು ಮಂಗಳಾರತಿಯ ಕರ್ಪೂರ ಪುಡಿ ಮಾಡಿ ಹಾಕುವುದು. ಅದು ವಿಷ, ಮಕ್ಕಳಿಗಂತೂ ಚೂರೂ ಆಗದು. ಪಚ್ಚಕರ್ಪೂರವೂ ಕಿಲೋ ಅಕ್ಕಿಗೆ ಒಂದೆರಡು ಅಕ್ಕಿಕಾಳಿನಷ್ಟು ಸಾಕು. ಸಿಗದಿದ್ದರೆ ಏಲಕ್ಕಿಯೇ ಇರಲಿ.

ಹಾಲಿನ ಜಿಲ್ಲೆ ಎಂದು ಹೇಳಿಕೊಳ್ಳುವ ನಮಗೆ ಹಾಲಿನದ್ದೇ ತೊಡಕು. ಡೇರಿಗೆ ಬೆಳಗಿನ ಹಾಲು ಬರುವ ಹೊತ್ತಿಗೆ ಇಲ್ಲಿ ತಳಿಗೆ ಮುಗಿದಿರಬೇಕು. ಹಾಗಾಗಿ ಸಂಜೆಯ ಹಾಲು ತಂದು ರಾತ್ರಿಯೇ ಕಾಯಿಸಿ, ಆರಿಸಿ, ತಣ್ಣಗೆ ಇಟ್ಟು, ಮರುದಿನ ಒಂದು ಲೋಟ ಮೊದಲು ಕುದಿಸಿ ನೋಡಿ. ಒಡೆಯದಿದ್ದರೆ ಮಿಕ್ಕದ್ದನ್ನು ಕೊಪ್ಪರಿಗೆಗೆ ಸುರಿಯಿರಿ.

ಜನ ಹೆಚ್ಚಾದರೆಂದು ನೀರು ಬೆರೆಸಿ ಹಿಗ್ಗಿಸಬೇಡಿ. ದೊನ್ನೆ ಚಿಕ್ಕದು ಮಾಡಿ. ತೆಳು ಪ್ಲಾಸ್ಟಿಕ್ ಲೋಟ ಬಿಸಿ ತುಪ್ಪಕ್ಕೆ ಮೆತ್ತಗಾಗುತ್ತದೆ, ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ದೊನ್ನೆ ತರಿಸಿ. ಸಾತ್ತುಮೊರೆ (ಪೂಜೆಯ ಕೊನೆಯ ಪಾಶುರ ಪಠಣ) ಆದ ಎರಡು ಗಂಟೆಯೊಳಗೆ ಹಂಚಿ ಮುಗಿಸಿ. ಮಧ್ಯಾಹ್ನದವರಿಗೆಂದು ಬಕೆಟ್ಟಿನಲ್ಲಿ ಮುಚ್ಚಿಟ್ಟ ಹಾಲಿನ ಪ್ರಸಾದ ಹುಳಿಯುತ್ತದೆ. ತಡವಾಗಿ ಬರುವವರಿಗೆ ಬೇಕಾದರೆ ಪುಳಿಯೋಗರೆ ಮಾಡಿಡಬಹುದು.

– ಮಡಪಳ್ಳಿ ಕೈಂಕರ್ಯದವರು, ಮಾಲೂರು